ಹಳೆಯ ಹಂಚಿನ ಮನೆಯ ಬಚ್ಚಲನ್ನು ಹೊಸದಾಗಿ ಕಟ್ಟುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಭಾಗದಲ್ಲಿ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗೋಡೆ, ಸುಣ್ಣದ ಗಾರೆ, ಹಂಚಿನ ಮಾಡು (ಛಾವಣಿ) ಮತ್ತು ಮರದ ಉಪ್ಪರಿಗೆಯುಳ್ಳ ಕುಟುಂಬದ ಮನೆಗಳು ಇನ್ನೂ ಸಾಕಷ್ಟು ಉಳಿದಿವೆ. ಅವುಗಳ ಬಚ್ಚಲು ಮತ್ತು ಶೌಚಾಲಯಗಳನ್ನು ಇಂದಿನ ಅಗತ್ಯಕ್ಕೆ ತಕ್ಕಂತೆ ಬದಲಾಯಿಸಲು ಹೊರಟವರು ನಮ್ಮಲ್ಲಿ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ. ಎಲ್ಲ ಉತ್ತರಗಳ ಹಿಂದಿರುವ ನಿಲುವು ಒಂದೇ: ಹಳೆಯ ಗೋಡೆ ಒದ್ದೆಯಾದರೂ ಒಣಗಲು ಅದಕ್ಕೆ ದಾರಿ ಇರಬೇಕು. ಆ ದಾರಿಯನ್ನು ಮುಚ್ಚುವ ಯಾವ ಅಂದವನ್ನೂ ನಾವು ಒಪ್ಪುವುದಿಲ್ಲ.

ಹಿಂದಿನವರು ಬಚ್ಚಲನ್ನು ಮನೆಯಿಂದ ಹೊರಗೆ ಇಟ್ಟದ್ದೇಕೆ? ಈಗ ಒಳಗೆ ತಂದರೆ ತಪ್ಪೇ?

ಮಡಿ ಮೈಲಿಗೆಯ ಕಾರಣವಿತ್ತು ಎಂಬುದು ನಿಜ, ಆದರೆ ಅದೊಂದೇ ಕಾರಣವಾಗಿರಲಿಲ್ಲ. ಹಂಡೆಯೊಲೆಯ ಹೊಗೆ ಮತ್ತು ಕಿಡಿ ಮಾಡಿನ ಮರಕ್ಕೆ ತಾಗಬಾರದಿತ್ತು, ಮಿಂದ ನೀರು ನೇರವಾಗಿ ಬಾಳೆ, ಕೆಸು, ತೆಂಗಿನ ಬುಡಕ್ಕೆ ಹೋಗಬೇಕಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಮುಖ್ಯ ಮನೆಯ ಗೋಡೆಯ ಬುಡ ಒಣಗಿರಬೇಕಿತ್ತು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಈ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಹೇಗೂ ತೇವವಾಗಿರುತ್ತದೆ. ಅದರ ಮೇಲೆ ಮನೆಯೊಳಗಿನಿಂದಲೂ ದಿನನಿತ್ಯ ನೀರು ಸೇರಿದರೆ ಗೋಡೆಗೆ ಒಣಗುವ ಕಾಲವೇ ಸಿಗುವುದಿಲ್ಲ. ತೇವ ಹಿಡಿದ ಕಡೆಗೆ ಗೆದ್ದಲು ಬರುತ್ತದೆ, ಗೆದ್ದಲು ಬಂದ ಮೇಲೆ ಹಲಸಿನ ಬಾಗಿಲ ದಾರಂದವಾಗಲಿ, ಮಾಡನ್ನು ಹೊರುವ ಮರದ ಪಕ್ಕಾಸುಗಳಾಗಲಿ ಉಳಿಯುವುದಿಲ್ಲ.

ಹಾಗೆಂದು ರಾತ್ರಿ ಮಳೆಯಲ್ಲಿ ಕೊಡೆ ಹಿಡಿದು ಅಂಗಳ ದಾಟಿ ಶೌಚಾಲಯಕ್ಕೆ ಹೋಗಿ ಎಂದು ಎಪ್ಪತ್ತೈದು ದಾಟಿದ ಹಿರಿಯರಿಗೆ ಹೇಳಲಾಗದು. ನಾವು ಸೂಚಿಸುವುದು ನಡುವಿನ ದಾರಿ. ಹಿಂಬದಿಯ ಜಗಲಿಗೆ ಹೊಂದಿಕೊಂಡು, ಮುಖ್ಯ ಗೋಡೆಯಿಂದ ಸ್ವಲ್ಪ ಅಂತರ ಬಿಟ್ಟು, ತನ್ನದೇ ಅಡಿಪಾಯದ ಮೇಲೆ ನಿಂತ ಚಿಕ್ಕ ಕಟ್ಟಡವೊಂದನ್ನು ಕಟ್ಟಿ, ಅದಕ್ಕೆ ಮುಚ್ಚಿದ ಮಾಡಿನ ಓಣಿಯಿಂದ ಪ್ರವೇಶ ಕೊಡುವುದು. ಒಳಗಿದ್ದೇ ಹೋಗಿಬರಬಹುದು, ನೀರು ಮಾತ್ರ ಹೊರಗೇ ಉಳಿಯುತ್ತದೆ.

ಹೊರಗೆ ಕಟ್ಟಲು ಜಾಗವಿಲ್ಲ. ಮನೆಯೊಳಗೆ ಯಾವ ಕೋಣೆಯನ್ನು ಆರಿಸಬೇಕು?

ಹಿಂಬದಿಯ ಹೊರಗೋಡೆಗೆ ತಾಗಿದ, ನೆಲಮಟ್ಟದ ಕೋಣೆಯನ್ನು ಆರಿಸಿ. ಹಳೆಯ ಉಗ್ರಾಣ ಅಥವಾ ಅಡುಗೆಮನೆಯ ಪಕ್ಕದ ಭತ್ತ ಕುಟ್ಟುವ ಜಾಗ ಹಲವು ಮನೆಗಳಲ್ಲಿ ಇದಕ್ಕೆ ಒದಗುತ್ತದೆ. ನಡುಮನೆಯ ಮೂಲೆಯನ್ನು ಕತ್ತರಿಸಿ ಬಚ್ಚಲು ಮಾಡುವುದನ್ನು ಸಾಧ್ಯವಾದಷ್ಟು ತಪ್ಪಿಸಿ, ಏಕೆಂದರೆ ಅಲ್ಲಿ ಕಿಟಕಿಯೂ ಇರುವುದಿಲ್ಲ, ಕೊಳವೆ ಸಾಗಿಸಲು ಎರಡು ಗೋಡೆ ಕೊರೆಯಬೇಕಾಗುತ್ತದೆ. ದೇವರ ಕೋಣೆ ಅಥವಾ ದೈವದ ಕೋಣೆಯೊಂದಿಗೆ ಗೋಡೆ ಹಂಚಿಕೊಳ್ಳುವ ಜಾಗವನ್ನು ಕುಟುಂಬದ ಹಿರಿಯರು ಒಪ್ಪುವುದಿಲ್ಲ. ಇದನ್ನು ನಕ್ಷೆ ಬರೆಯುವ ಮೊದಲೇ ಕೇಳಿ ತಿಳಿದುಕೊಂಡರೆ ಒಳ್ಳೆಯದು.

ಅಳತೆಯ ವಿಷಯದಲ್ಲಿ ರಾಷ್ಟ್ರೀಯ ಕಟ್ಟಡ ಸಂಹಿತೆ ಶೌಚಾಲಯ ಕೂಡಿದ ಬಚ್ಚಲಿಗೆ ಕನಿಷ್ಠ 2.8 ಚದರ ಮೀಟರ್ ವಿಸ್ತೀರ್ಣ ಮತ್ತು 1.2 ಮೀಟರ್ ಅಗಲವನ್ನು ಹೇಳುತ್ತದೆ. ನಮ್ಮ ಅಭಿಪ್ರಾಯದಲ್ಲಿ ಅದು ತೀರಾ ಇಕ್ಕಟ್ಟು. ನಾಲ್ಕು ಚದರ ಮೀಟರ್ ಸಿಕ್ಕರೆ ಮೀಯುವ ಜಾಗವನ್ನೂ ಒಣ ಜಾಗವನ್ನೂ ಬೇರೆ ಮಾಡಬಹುದು, ಮತ್ತು ಆ ಬೇರ್ಪಡಿಕೆಯೇ ಹಳೆಯ ಮನೆಗೆ ದೊಡ್ಡ ರಕ್ಷಣೆ.

ಮುರಕಲ್ಲಿನ ಗೋಡೆಗೆ ನೇರವಾಗಿ ಸಿಮೆಂಟ್ ಗಾರೆ ಹಾಕಿ ಟೈಲ್ಸ್ ಅಂಟಿಸಬಹುದೇ?

ಹಾಕುವವರು ಬಹಳ ಮಂದಿ, ಆದರೆ ಹಾಕಬಾರದು. ಕಾರಣವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಹಳೆಯ ಮನೆಗಳ ಹೆಚ್ಚಿನ ತೊಂದರೆಗಳು ಇಲ್ಲಿಂದಲೇ ಶುರುವಾಗುತ್ತವೆ.

ಮುರಕಲ್ಲು ತೂತು ತೂತಾದ ಕಲ್ಲು. ಅದು ನೆಲದಿಂದಲೂ ಮಳೆಯಿಂದಲೂ ನೀರನ್ನು ಹೀರುತ್ತದೆ, ಬಿಸಿಲು ಗಾಳಿ ಬಂದಾಗ ಬಿಡುತ್ತದೆ. ಚಿಪ್ಪಿನ ಸುಣ್ಣದ ಗಾರೆ ಮೆತ್ತಗಿನದು, ಅದರ ಮೂಲಕ ತೇವ ಹೊರಗೆ ಹೋಗಬಲ್ಲದು. ಸಿಮೆಂಟ್ ಗಾರೆ ಗಟ್ಟಿ ಮತ್ತು ಮುಚ್ಚಿದ ಪದರ, ಅದರ ಮೇಲೆ ಟೈಲ್ಸ್ ಬಂದರೆ ಒಳಬದಿಯ ದಾರಿ ಪೂರ್ತಿ ಮುಚ್ಚಿದಂತೆ. ಆಗ ತೇವ ಗೋಡೆಯೊಳಗೆ ಮೇಲೇರುತ್ತಾ ಹೋಗಿ, ಟೈಲ್ಸ್ ಮುಗಿಯುವ ಅಂಚಿನ ಮೇಲ್ಭಾಗದಲ್ಲಿ ಅಥವಾ ಗೋಡೆಯ ಆಚೆ ಬದಿಯ ಮಲಗುವ ಕೋಣೆಯಲ್ಲಿ ಹೊರಬೀಳುತ್ತದೆ. ಅಂತಹ ಗೋಡೆಯನ್ನು ಹತ್ತಿರದಿಂದ ನೋಡಿ: ಮೊದಲು ಬಣ್ಣ ಗುಳ್ಳೆಯೇಳುತ್ತದೆ, ಗುಳ್ಳೆ ಒಡೆದಾಗ ಒಳಗೆ ಹತ್ತಿಯ ಎಳೆಯಂತೆ ಬಿಳಿ ಉಪ್ಪು ಕಾಣುತ್ತದೆ, ಬೆರಳಿನಿಂದ ಒತ್ತಿದರೆ ಗಾರೆ ಪುಡಿಯಾಗಿ ಉದುರುತ್ತದೆ. ನೀರು ಆರುವಾಗ ಅದರಲ್ಲಿ ಕರಗಿದ್ದ ಲವಣ ಹರಳುಗಟ್ಟಿ ಗಾರೆಯನ್ನು ಒಳಗಿನಿಂದ ಒಡೆಯುವುದರಿಂದ ಹೀಗಾಗುತ್ತದೆ. ಅಳಿವೆಯ ಉಪ್ಪು ಮರಳನ್ನು ತೊಳೆಯದೆ ಬಳಸಿದರೆ ಇದು ಇನ್ನೂ ಬೇಗ. ಇಂತಹ ಗೋಡೆಗೆ ಮತ್ತೆ ವಾಟರ್‌ಪ್ರೂಫ್ ಬಣ್ಣ ಬಳಿಯುವುದು ಸಮಸ್ಯೆಯನ್ನು ಮುಂದಿನ ಮಳೆಗಾಲಕ್ಕೆ ದೂಡುವುದಷ್ಟೇ.

ಮಾಡಬೇಕಾದದ್ದು ಹೀಗಿದೆ. ಮೀಯುವ ಜಾಗದಲ್ಲಿ ಹಳೆಯ ಗೋಡೆಯನ್ನು ಮುಟ್ಟದೆ, ಸುಮಾರು ಎರಡು ಇಂಚಿನ ಅಂತರ ಬಿಟ್ಟು, ತೆಳುವಾದ ಒಳಗೋಡೆಯೊಂದನ್ನು ನಿಲ್ಲಿಸಿ. ಅದು ನಾಲ್ಕು ಇಂಚಿನ ಇಟ್ಟಿಗೆಯದಾಗಬಹುದು, ತುಕ್ಕು ಹಿಡಿಯದ ಚೌಕಟ್ಟಿಗೆ ಬಿಗಿದ ಸಿಮೆಂಟ್ ಫೈಬರ್ ಬೋರ್ಡ್ ಆಗಬಹುದು. ವಾಟರ್‌ಪ್ರೂಫಿಂಗ್ ಮತ್ತು ಟೈಲ್ಸ್ ಈ ಒಳಗೋಡೆಗೆ ಮಾತ್ರ. ನಡುವಿನ ಅಂತರಕ್ಕೆ ಕೆಳಗೂ ಮೇಲೂ ಗಾಳಿಕಿಂಡಿ ಬಿಟ್ಟರೆ ಹಳೆಯ ಗೋಡೆ ಒಣಗುತ್ತಿರುತ್ತದೆ. ನೀರಿನ ಕೊಳವೆಗಳನ್ನೂ ಇದೇ ಒಳಗೋಡೆಯಲ್ಲಿ ಸಾಗಿಸಬಹುದಾದ್ದರಿಂದ ಮುರಕಲ್ಲನ್ನು ಕೊರೆದು ಸಡಿಲಗೊಳಿಸುವ ಅಗತ್ಯವೂ ತಪ್ಪುತ್ತದೆ. ಒಣ ಜಾಗದ ಗೋಡೆಗಳಿಗೆ ಟೈಲ್ಸ್ ಬೇಡವೇ ಬೇಡ, ಚೆನ್ನಾಗಿ ಅರಳಿಸಿದ ಸುಣ್ಣ ಮತ್ತು ತೊಳೆದ ಮರಳಿನ ಗಾರೆ ಹಾಕಿ ಸುಣ್ಣವನ್ನೇ ಬಳಿಯಿರಿ. ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಗಳು ಕಡಿಮೆಯಾಗಿದ್ದಾರೆ, ಸಿಕ್ಕವರನ್ನು ಕಾದು ಕರೆಸಿಕೊಳ್ಳುವುದು ನಷ್ಟವಲ್ಲ.

ಉಪ್ಪರಿಗೆಯ ಮಲಗುವ ಕೋಣೆಗೆ ಅಟ್ಯಾಚ್ಡ್ ಬಾತ್‌ರೂಂ ಬೇಕು. ಮರದ ನೆಲದ ಮೇಲೆ ಮಾಡಬಹುದೇ?

ಬೇಡ. ಮರದ ಜಂತಿ ಮತ್ತು ಹಲಗೆಯ ನೆಲ ನಡೆದಾಡುವಾಗ ಸ್ವಲ್ಪ ಬಾಗುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಅದರ ಮೇಲೆ ಹಾಕಿದ ಕಾಂಕ್ರೀಟ್ ಮತ್ತು ಟೈಲ್ಸ್ ಬಾಗಲಾರದೆ ಕೂದಲೆಳೆಯಷ್ಟು ಬಿರಿಯುತ್ತದೆ. ಆ ಬಿರುಕಿನಿಂದ ಇಳಿದ ನೀರು ಜಂತಿಯ ಮೇಲ್ಭಾಗದಲ್ಲಿ ನಿಂತು ಅದನ್ನು ಯಾರಿಗೂ ಕಾಣದಂತೆ ಕೊಳೆಸುತ್ತದೆ. ಕೆಳಗಿನ ಚಾವಡಿಯ ಮುಚ್ಚಿಗೆಯಲ್ಲಿ ಕಲೆ ಕಾಣಿಸುವ ಹೊತ್ತಿಗೆ ಜಂತಿ ಹೋಗಿರುತ್ತದೆ.

ಉಪ್ಪರಿಗೆಯಲ್ಲಿ ಬೇಕೇ ಬೇಕೆಂದಾದರೆ ಹಿಂಬದಿಯಲ್ಲಿ ಕಟ್ಟುವ ಹೊಸ ಕಟ್ಟಡವನ್ನು ಎರಡು ಅಂತಸ್ತು ಮಾಡಿ, ಮೇಲಂತಸ್ತನ್ನು ಸೇತುವೆಯಂತಹ ಚಿಕ್ಕ ಓಣಿಯಿಂದ ಉಪ್ಪರಿಗೆಗೆ ಸೇರಿಸಿ. ಹಳೆಯ ಗೋಡೆಯ ಮೇಲೆ ಹೊಸ ಭಾರ ಬೀಳದಂತೆ ಅದು ತನ್ನದೇ ಕಂಬಗಳ ಮೇಲೆ ನಿಲ್ಲಬೇಕು. ಇದಕ್ಕೆ ರಚನಾ ಇಂಜಿನಿಯರರ ಸಲಹೆ ಕಡ್ಡಾಯ ಎಂದೇ ತಿಳಿಯಿರಿ.

ನೆಲಕ್ಕೆ ಏನು ಹಾಕಬೇಕು? ಹಳೆಯ ರೆಡ್ ಆಕ್ಸೈಡ್ ನೆಲವನ್ನು ಉಳಿಸಬಹುದೇ?

ಒಣ ಜಾಗದಲ್ಲಿ ಖಂಡಿತ ಉಳಿಸಿ. ಹತ್ತಾರು ವರ್ಷ ಕಾಲಿನಿಂದ ನುಣುಪಾದ ಆ ಕೆಂಪು ನೆಲವನ್ನು ಇಂದು ಮತ್ತೆ ಮಾಡಿಸುವುದು ಸುಲಭವಲ್ಲ. ಆದರೆ ಸೋಪಿನ ನೀರು ಬಿದ್ದರೆ ಅದು ಜಾರುತ್ತದೆ. ಮೀಯುವ ಜಾಗಕ್ಕೆ ಆರ್11 ದರ್ಜೆಯ ಜಾರದ ಟೈಲ್ಸ್ ಅಥವಾ ಒರಟು ಮೇಲ್ಮೈಯ ಗ್ರಾನೈಟ್ ಹಾಸಿ. ಹಿಂದಿನ ಬಚ್ಚಲಿನ ಕಗ್ಗಲ್ಲಿನ ಚಪ್ಪಡಿ ಉಳಿದಿದ್ದರೆ ಅದಕ್ಕಿಂತ ಒಳ್ಳೆಯದು ಇಲ್ಲ.

ಹಾಸಿನ ಕೆಳಗಿನ ಕೆಲಸವೇ ಮುಖ್ಯ. ಮಣ್ಣನ್ನು ಚೆನ್ನಾಗಿ ದಮ್ಮಸ್ಸು ಮಾಡಿ, ಮೂರರಿಂದ ನಾಲ್ಕು ಇಂಚಿನ ಕಾಂಕ್ರೀಟ್ ಹಾಕಿ, ಅದರ ಮೇಲೆ ವಾಟರ್‌ಪ್ರೂಫಿಂಗ್ ಲೇಪವನ್ನು ಒಂದಕ್ಕೊಂದು ಅಡ್ಡವಾಗಿ ಎರಡು ಸಲ ಬಳಿಯಬೇಕು. ಲೇಪ ಒಳಗೋಡೆಯ ಮೇಲೆ ಕನಿಷ್ಠ ಒಂದು ಅಡಿ, ಶವರ್ ಇರುವಲ್ಲಿ ಆರು ಅಡಿಯವರೆಗೆ ಏರಬೇಕು. ನಂತರ ಕೊಳವೆಯ ಬಾಯಿ ಮುಚ್ಚಿ, ನೀರು ತುಂಬಿಸಿ, ಎರಡು ದಿನ ಹಾಗೇ ಬಿಟ್ಟು ನೋಡಿ. ಈ ಪರೀಕ್ಷೆಯನ್ನು ಸಮಯವಿಲ್ಲವೆಂದು ಬಿಡುವ ಗುತ್ತಿಗೆದಾರರಿಗೆ ಮುಂದಿನ ಕಂತಿನ ಹಣ ಕೊಡಬೇಡಿ. ಇಳಿಜಾರು ಒಂದು ಮೀಟರಿಗೆ 12 ಮಿಲಿಮೀಟರಿನಷ್ಟಿರಲಿ, ಮತ್ತು ಬಚ್ಚಲಿನ ನೆಲ ಹೊರಗಿನ ನೆಲಕ್ಕಿಂತ ಅರ್ಧ ಇಂಚಾದರೂ ತಗ್ಗಿರಲಿ.

ತಾಮ್ರದ ಹಂಡೆ ಮತ್ತು ಒಲೆಯನ್ನು ಉಳಿಸಿಕೊಳ್ಳಬೇಕೆಂಬ ಆಸೆಯಿದೆ. ಅದು ಹೊಸ ಬಚ್ಚಲಿನಲ್ಲಿ ಸಾಧ್ಯವೇ?

ಸಾಧ್ಯ, ಮತ್ತು ಉಳಿಸಿಕೊಳ್ಳಿ ಎಂದೇ ನಾವು ಹೇಳುತ್ತೇವೆ. ನರಕ ಚತುರ್ದಶಿಯ ಹಿಂದಿನ ಸಂಜೆ ಹಂಡೆಯನ್ನು ಹುಣಸೆಹುಳಿಯಲ್ಲಿ ತಿಕ್ಕಿ ತೊಳೆದು, ಸುಣ್ಣದ ಗೆರೆ ಎಳೆದು, ಕೊರಳಿಗೆ ಬಳ್ಳಿ ಸುತ್ತಿ, ಬಾವಿಯಿಂದ ನೀರು ಸೇದಿ ತುಂಬುವ ಪದ್ಧತಿ ಇನ್ನೂ ನಡೆಯುತ್ತಿರುವ ಮನೆಯಲ್ಲಿ ಹಂಡೆಯಿಲ್ಲದ ಬಚ್ಚಲನ್ನು ಕಟ್ಟಿಕೊಡುವುದು ನಮಗೆ ಸರಿಕಾಣುವುದಿಲ್ಲ. ತೋಟದ ಮಡಲು, ಕೊತ್ತಳಿಗೆ, ಗೆರಟೆಗಳು ಇಂದಿಗೂ ಉರುವಲಿಗೆ ಸಿಗುತ್ತವೆ.

ಆದರೆ ಒಲೆಯ ಬಾಯಿ ಹೊರಗಿರಬೇಕು. ಹಂಡೆಯನ್ನು ಹೊರಗೋಡೆಯ ಕಟ್ಟೆಯಲ್ಲಿ ಕೂರಿಸಿ, ಬೆಂಕಿ ಹಾಕುವ ಬಾಯಿಯನ್ನು ಹಿತ್ತಿಲ ಕಡೆಗೂ, ನೀರು ತೆಗೆಯುವ ಬಾಯಿಯನ್ನು ಬಚ್ಚಲಿನ ಕಡೆಗೂ ತಿರುಗಿಸಿ. ಹೊಗೆಕೊಳವೆ ಹಂಚಿನ ಮಾಡನ್ನು ದಾಟುವಲ್ಲಿ ಪಕ್ಕಾಸು, ರೀಪುಗಳಿಂದ ಸಾಕಷ್ಟು ದೂರವಿರಬೇಕು, ಸುತ್ತ ತಗಡಿನ ಹೊದಿಕೆ ಕೊಟ್ಟು ಮಳೆನೀರು ಇಳಿಯದಂತೆ ಮಾಡಬೇಕು. ಕಿಟಕಿ ಮುಚ್ಚಿದ ಕೋಣೆಯೊಳಗೆ ಉರಿಯುವ ಯಾವುದೇ ಬೆಂಕಿ ಅಪಾಯಕಾರಿ. ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಹಾಕುವವರಿಗೂ ಇದೇ ಮಾತು: ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಗ್ಯಾಸ್ ಗೀಸರನ್ನು ಹೊರಗೋಡೆಯ ಹೊರಮುಖಕ್ಕೆ ಮಾತ್ರ ಹಾಕಿ.

ಶವರ್‌ನಲ್ಲಿ ನೀರು ಜೋರಾಗಿ ಬರುವುದಿಲ್ಲ ಎಂಬ ದೂರು ಏಕೆ?

ಹತ್ತು ಮೀಟರ್ ಎತ್ತರದ ನೀರು ಸುಮಾರು ಒಂದು ಬಾರ್ ಒತ್ತಡ ಕೊಡುತ್ತದೆ. ಹಂಚಿನ ಮನೆಯಲ್ಲಿ ಟ್ಯಾಂಕ್ ಇರುವುದು ಹಿತ್ತಿಲ ಕಟ್ಟೆಯ ಮೇಲೆ, ಶವರ್‌ಗಿಂತ ಎರಡು ಮೂರು ಮೀಟರ್ ಎತ್ತರದಲ್ಲಿ, ಅಂದರೆ ಕಾಲು ಬಾರ್‌ನ ಆಸುಪಾಸು. ದೊಡ್ಡ ತಟ್ಟೆಯ ಶವರ್‌ಗೆ ಅದು ಸಾಲದು. ಪ್ರೆಶರ್ ಪಂಪ್ ಹಾಕಬೇಕು, ಇಲ್ಲವೇ ಕಡಿಮೆ ಒತ್ತಡಕ್ಕೆಂದೇ ಮಾಡಿದ ಶವರ್ ಆರಿಸಬೇಕು. ಟ್ಯಾಂಕನ್ನು ಮಾಡಿನೊಳಗಿನ ಅಟ್ಟದಲ್ಲಿ ಇಡಬೇಡಿ. ಐನೂರು ಲೀಟರ್ ನೀರಿನ ತೂಕ ಐನೂರು ಕಿಲೋ.

ಸೋಲಾರ್ ಹೀಟರನ್ನೂ ಇದೇ ಕಾರಣಕ್ಕೆ ಹಂಚಿನ ಮಾಡಿನ ಮೇಲೆ ಹೇರದೆ ಬೇರೆ ಚೌಕಟ್ಟಿನ ಮೇಲೆ ದಕ್ಷಿಣಕ್ಕೆ ಮುಖಮಾಡಿ ನಿಲ್ಲಿಸಿ. ಮಳೆಗಾಲದ ನಾಲ್ಕು ತಿಂಗಳು ಅದಕ್ಕೆ ಬೆಂಬಲವಾಗಿ ಹಂಡೆಯೋ ವಿದ್ಯುತ್ ಗೀಸರೋ ಬೇಕೇ ಬೇಕು. ಗೀಸರ್ ಹಾಕುವ ಮೊದಲು ಹಳೆಯ ವೈರಿಂಗ್ ಬದಲಾಯಿಸಿ, ಸರಿಯಾದ ಅರ್ಥಿಂಗ್ ಕೊಟ್ಟು, ವಿದ್ಯುತ್ ಸೋರಿದರೆ ಕೂಡಲೇ ಸಂಪರ್ಕ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಅಳವಡಿಸಿ. ಇದರಲ್ಲಿ ಉಳಿತಾಯ ಮಾಡಬೇಡಿ.

ಬೇಸಿನ್‌ನಲ್ಲಿ ಕೆಂಪು ಮತ್ತು ಹಸಿರು ಕಲೆ ಬೀಳುವುದೇಕೆ?

ಕೆಂಪು ಕಲೆ ಕಬ್ಬಿಣದ್ದು, ನೀಲಿ ಹಸಿರು ಕಲೆ ತಾಮ್ರದ್ದು. ಮುರಕಲ್ಲಿನ ನೆಲದ ಬಾವಿನೀರು ಸಾಮಾನ್ಯವಾಗಿ ಸ್ವಲ್ಪ ಆಮ್ಲೀಯವಾಗಿರುವುದರಿಂದ ಅದು ಜಿಐ (ಸತು ಲೇಪಿಸಿದ ಕಬ್ಬಿಣ) ಮತ್ತು ತಾಮ್ರದ ಕೊಳವೆಗಳನ್ನು ನಿಧಾನವಾಗಿ ತಿನ್ನುತ್ತದೆ. ಬಿಸಿನೀರಿಗೆ ಸಿಪಿವಿಸಿ, ತಣ್ಣೀರಿಗೆ ಯುಪಿವಿಸಿ ಎಂಬ ಪ್ಲಾಸ್ಟಿಕ್ ಕೊಳವೆ ಹಾಕಿದರೆ ಈ ತೊಂದರೆಯಿಲ್ಲ. ಗೀಸರಿನೊಳಗೆ ಟ್ಯಾಂಕನ್ನು ತುಕ್ಕಿನಿಂದ ಕಾಯುವ ಆನೋಡ್ ರಾಡ್ ಇಲ್ಲಿ ಬೇಗ ಸವೆಯುತ್ತದೆ, ವರ್ಷಕ್ಕೊಮ್ಮೆ ತೆಗೆಸಿ ನೋಡಿ. ಅಮೃತಶಿಲೆಯನ್ನು ಬಚ್ಚಲಿಗೆ ತರಬೇಡಿ, ಆಮ್ಲೀಯ ನೀರೂ ಟಾಯ್ಲೆಟ್ ಆ್ಯಸಿಡ್ಡೂ ಅದರ ಹೊಳಪನ್ನು ತಿನ್ನುತ್ತವೆ. ಮಲ್ಪೆ, ಉಳ್ಳಾಲ, ಸುರತ್ಕಲ್‌ನಂತೆ ಕಡಲಿಗೆ ಹತ್ತಿರವಿರುವ ಮನೆಗಳಲ್ಲಿ ಹಿಡಿಕೆ, ತಿರುಪುಗಳಿಗೆ 316 ದರ್ಜೆಯ ಸ್ಟೀಲ್ ಕೇಳಿ ಪಡೆಯಿರಿ. 304 ದರ್ಜೆಯದು ಉಪ್ಪುಗಾಳಿಗೆ ಕಂದು ಚುಕ್ಕೆ ಹಿಡಿಯುತ್ತದೆ.

ಸೆಪ್ಟಿಕ್ ಟ್ಯಾಂಕ್ ಬಾವಿಯಿಂದ ಎಷ್ಟು ದೂರವಿರಬೇಕು?

ಸೆಪ್ಟಿಕ್ ಟ್ಯಾಂಕಿನ ನೀರು ಇಂಗುವ ಗುಂಡಿ ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್ ದೂರವಿರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ನಮ್ಮ ನೆಲದಲ್ಲಿ ಅದನ್ನು ಕನಿಷ್ಠ ಎಂದಷ್ಟೇ ತಿಳಿಯಬೇಕು, ಸಾಕು ಎಂದು ತಿಳಿಯಬಾರದು. ಮುರಕಲ್ಲಿನ ಪದರದಲ್ಲಿ ಕೊಳವೆಯಂತಹ ತೂತುಗಳಿವೆ, ಅದರ ಕೆಳಗೆ ನೀರು ಸುಲಭವಾಗಿ ಇಳಿಯದ ಶೇಡಿ ಮಣ್ಣಿದೆ. ಮಳೆಗಾಲದಲ್ಲಿ ಮೇಲಿನಿಂದ ಇಳಿದ ನೀರು ಶೇಡಿಯ ಮೇಲೆ ಅಡ್ಡಕ್ಕೆ ಹರಿಯುತ್ತದೆ, ಮತ್ತು ಅಡ್ಡಕ್ಕೆ ಹರಿಯುವ ದಾರಿಯಲ್ಲಿ ಬಾವಿಯಿದ್ದರೆ ಅಲ್ಲಿಗೇ ಸೇರುತ್ತದೆ. ಆದ್ದರಿಂದ ಗುಂಡಿ ಬಾವಿಗಿಂತ ತಗ್ಗಿನ ಕಡೆಗಿರಲಿ. ನೆರೆಮನೆಯ ಬಾವಿಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ಒಳಚರಂಡಿ ಇರುವ ಬಡಾವಣೆಯಾದರೆ ಅದಕ್ಕೇ ಸಂಪರ್ಕ ಪಡೆಯುವುದು ಉತ್ತಮ. ಇಲ್ಲದಿದ್ದರೆ ಟ್ಯಾಂಕನ್ನು ಸೋರದಂತೆ ಕಟ್ಟಿಸಿ, ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಿ, ಗಾಳಿಕೊಳವೆಯ ತುದಿಗೆ ಬಲೆ ಕಟ್ಟಿ. ಮಲೇರಿಯಾ ಕಾಡಿದ ಮಂಗಳೂರಿನಲ್ಲಿ ಈ ಬಲೆ ಸಣ್ಣ ವಿಷಯವಲ್ಲ. ಮಿಂದ ನೀರನ್ನು ಮಾತ್ರ ಬೇರೆ ಕೊಳವೆಯಲ್ಲಿ ಹಿಂದಿನಂತೆಯೇ ಬಾಳೆ, ತೆಂಗಿನ ಬುಡಕ್ಕೆ ಬಿಡಿ. ಏಪ್ರಿಲ್, ಮೇ ತಿಂಗಳಲ್ಲಿ ತುಂಬೆಯ ಅಣೆಕಟ್ಟಿನಲ್ಲೋ ಬಜೆಯ ಅಣೆಕಟ್ಟಿನಲ್ಲೋ ನೀರು ತಳ ಕಂಡು, ನಗರದ ನಲ್ಲಿಗಳಿಗೆ ರೇಶನ್ ಶುರುವಾದಾಗ ಇದರ ಬೆಲೆ ತಿಳಿಯುತ್ತದೆ. ಕಮೋಡಿಗೂ ಮೂರು ಮತ್ತು ಆರು ಲೀಟರಿನ ಎರಡು ಬಟನ್ನಿನ ಫ್ಲಶ್ ಟ್ಯಾಂಕನ್ನೇ ಆರಿಸಿ.

ಬಚ್ಚಲು ಕತ್ತಲೆಯಾಗಿದೆ. ಗೋಡೆ ಒಡೆದು ದೊಡ್ಡ ಕಿಟಕಿ ಇಡಬೇಕೇ?

ಅಗತ್ಯವಿಲ್ಲ. ಮಾಡಿನ ಒಂದೆರಡು ಹಂಚುಗಳನ್ನು ತೆಗೆದು ಅದೇ ಅಚ್ಚಿನ ಗಾಜಿನ ಹಂಚು ಹಾಕಿದರೆ ಬೆಳಕು ನೆಲದವರೆಗೆ ಬೀಳುತ್ತದೆ. 1865ರಲ್ಲಿ ಬಾಸೆಲ್ ಮಿಷನ್ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಈ ಊರಿನ ಹಂಚು ಅಚ್ಚಿನಲ್ಲಿ ಒತ್ತಿ ಒಂದೇ ಅಳತೆಯಲ್ಲಿ ಬರತೊಡಗಿತು, ಆ ಗುಣದಿಂದಲೇ ಇಂದಿಗೂ ಒಂದನ್ನು ತೆಗೆದು ಇನ್ನೊಂದನ್ನು ಕೂರಿಸುವುದು ಸುಲಭ. ಆದರೆ ಕಾರ್ಖಾನೆಯಿಂದ ಕಾರ್ಖಾನೆಗೆ ಅಚ್ಚು ಸ್ವಲ್ಪ ಬೇರೆಯಿರುವುದರಿಂದ ಹಳೆಯ ಹಂಚೊಂದನ್ನು ಅಂಗಡಿಗೆ ಒಯ್ದು ಹೊಂದಿಸಿ ನೋಡಿಯೇ ತನ್ನಿ. ಬಚ್ಚಲಿಗೆ ಸುಳ್ಳು ಮುಚ್ಚಿಗೆ (ಫಾಲ್ಸ್ ಸೀಲಿಂಗ್) ಹಾಕಬೇಡಿ. ಹಂಚುಗಳ ಸಂದಿಯಿಂದ ಹೊರಹೋಗುವ ಆವಿಯೇ ಅಲ್ಲಿನ ಮರವನ್ನು ಕಾಪಾಡುತ್ತದೆ.

ಹಿರಿಯರಿಗಾಗಿ ಏನೇನು ಮಾಡಬೇಕು?

ಬಾಗಿಲು 900 ಮಿಲಿಮೀಟರ್ ಅಗಲವಿದ್ದು ಹೊರಗೆ ತೆರೆಯಲಿ. ಒಳಗೆ ಬಿದ್ದವರು ಬಾಗಿಲಿಗೆ ಅಡ್ಡವಾದರೂ ಆಗ ತೆರೆಯಬಹುದು. ಕಮೋಡಿನ ಎತ್ತರ 450ರಿಂದ 480 ಮಿಲಿಮೀಟರ್, ಪಕ್ಕದಲ್ಲಿ ಮತ್ತು ಮೀಯುವ ಜಾಗದಲ್ಲಿ ಹಿಡಿಕೆ. ಹಿಡಿಕೆಯನ್ನು ಮುರಕಲ್ಲಿಗೆ ಬರೇ ತಿರುಪಿನಿಂದ ಬಿಗಿದರೆ ಭಾರಕ್ಕೆ ಕಿತ್ತು ಬರುತ್ತದೆ, ಒಳಗೋಡೆ ಕಟ್ಟುವಾಗಲೇ ಅದಕ್ಕೆ ಗಟ್ಟಿ ಆಧಾರ ಸೇರಿಸಿ. ಕುಳಿತು ಮೀಯಲು ಕಲ್ಲಿನ ಕಟ್ಟೆಯೊಂದಿದ್ದರೆ ಎಣ್ಣೆಸ್ನಾನಕ್ಕೂ ಅನುಕೂಲ. ಹೊಸ್ತಿಲನ್ನು ತೆಗೆಯಲು ಮನಸ್ಸಿಲ್ಲದಿದ್ದರೆ ಎರಡೂ ಬದಿಗೆ ಸಣ್ಣ ಇಳಿಜಾರು ಕೊಡಿ.

ಕೆಲಸವನ್ನು ಯಾವಾಗ ಆರಂಭಿಸಬೇಕು?

ದೀಪಾವಳಿ ಮುಗಿದ ಕೂಡಲೇ. ಮಾಡು ಬಿಚ್ಚುವ ಕೆಲಸ ಡಿಸೆಂಬರ್, ಜನವರಿಯಲ್ಲಿ, ಸುಣ್ಣದ ಗಾರೆ ಫೆಬ್ರವರಿಯೊಳಗೆ, ಒಟ್ಟು ಕೆಲಸ ಏಪ್ರಿಲ್ ಕೊನೆಗೆ ಮುಗಿಯುವಂತೆ ಲೆಕ್ಕ ಹಾಕಿ. ಮೇ ತಿಂಗಳನ್ನು ಗೋಡೆ ಒಣಗಲು ಬಿಡಿ. ಹೊರಗಿನ ಹಳೆಯ ಬಚ್ಚಲನ್ನು ಹೊಸದು ಬಳಕೆಗೆ ಬರುವ ತನಕ ಕೆಡವಬೇಡಿ.

ಮನೆ ಕುಟುಂಬದ ಹೆಸರಿನಲ್ಲಿದೆ. ಯಾರ ಒಪ್ಪಿಗೆ ಬೇಕು?

ತಾಯಿಯ ಕಡೆಯಿಂದ ಆಸ್ತಿ ಬರುವ ಅಳಿಯಸಂತಾನ ಪದ್ಧತಿಯ ಅನೇಕ ತರವಾಡು (ಕೂಡುಕುಟುಂಬದ) ಮನೆಗಳು ಇನ್ನೂ ಪಾಲಾಗದೆ ಉಳಿದಿವೆ. 1949ರ ಮದರಾಸು ಅಳಿಯಸಂತಾನ ಕಾಯ್ದೆ ಮತ್ತು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ನಂತರ ಹಕ್ಕುಗಳ ಸ್ವರೂಪ ಬದಲಾಗಿರುವುದರಿಂದ, ಮನೆಯಲ್ಲಿ ವಾಸಿಸುವವರೇ ಪೂರ್ತಿ ಹಕ್ಕುದಾರರೆಂದು ಭಾವಿಸುವಂತಿಲ್ಲ. ಮುಂಬೈಯಲ್ಲೋ ಗಲ್ಫ್‌ನಲ್ಲೋ ಇರುವ ಪಾಲುದಾರರಿಗೂ ನಕ್ಷೆಯನ್ನು ಕಳುಹಿಸಿ, ಯಾರು ಎಷ್ಟು ಖರ್ಚು ಹಾಕುತ್ತಾರೆಂಬುದನ್ನೂ ಸೇರಿಸಿ ಲಿಖಿತ ಒಪ್ಪಿಗೆ ಪಡೆಯಿರಿ. ಹೊಸ ಕಟ್ಟಡ ಸೇರಿಸುವುದಾದರೆ ಮಹಾನಗರಪಾಲಿಕೆ, ನಗರಸಭೆ ಅಥವಾ ಗ್ರಾಮ ಪಂಚಾಯತಿಯಲ್ಲಿ ಪರವಾನಗಿಯ ಬಗ್ಗೆ ಮೊದಲೇ ವಿಚಾರಿಸಿ.

ಹೊಸ ಬಚ್ಚಲು ಹಳೆಯ ಮನೆಗೆ ಹೊಂದುವಂತೆ ಕಾಣಬೇಕು. ಎಲ್ಲಿ ನೋಡಿ ಕಲಿಯಬಹುದು?

ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿಬೆಳೆಸಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮಕ್ಕೆ ನಿಮ್ಮ ಮೇಸ್ತ್ರಿಯನ್ನೂ ಆಚಾರಿಯನ್ನೂ ಕರೆದುಕೊಂಡು ಹೋಗಿ. ಕುಂಜೂರು ಚೌಕಿಮನೆಯಂತಹ ಮನೆಗಳನ್ನು ಮೂಲದಲ್ಲಿ ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಲಾಗಿದೆ. ಮರದ ಜೋಡಣೆ, ಕಿಟಕಿಯ ಅಳತೆ, ಮಾಡಿನ ಇಳಿಜಾರುಗಳನ್ನು ಕಣ್ಣಾರೆ ನೋಡಿದ ಕೆಲಸಗಾರನಿಗೆ ಚಿತ್ರ ತೋರಿಸಿ ವಿವರಿಸುವ ಅಗತ್ಯವಿರುವುದಿಲ್ಲ. ಹಳೆಯದರ ನಕಲು ಮಾಡಿದ ನಲ್ಲಿ, ಕಮೋಡುಗಳಿಗೆ ಹಣ ಸುರಿಯಬೇಡಿ. ಸರಳವಾದ ಬಿಳಿ ಸಾಮಾನು, ಹಳೆಯ ಅಳತೆಯ ಮರದ ಬಾಗಿಲು, ಸುಣ್ಣದ ಗೋಡೆ ಇಷ್ಟಿದ್ದರೆ ಮನೆಗೆ ತಾನಾಗಿ ಹೊಂದುತ್ತದೆ.

ಕೆಲಸ ಮುಗಿದ ಮೇಲೆ ಮೊದಲ ಮಳೆಗಾಲದಲ್ಲಿ ಏನನ್ನು ಗಮನಿಸಬೇಕು?

ಜುಲೈ ನಡುವಿನಲ್ಲಿ, ಮಳೆ ಜೋರಾಗಿರುವಾಗ, ಗೋಡೆಯ ಬುಡವನ್ನು ಎರಡೂ ಬದಿಯಿಂದ ಅಂಗೈಯಿಂದ ಮುಟ್ಟಿ ನೋಡಿ. ಟೈಲ್ಸನ್ನು ನಾಣ್ಯದಿಂದ ತಟ್ಟಿದಾಗ ಟೊಳ್ಳು ಸದ್ದು ಬರುವಲ್ಲಿ ಪೆನ್ಸಿಲಿನಿಂದ ಗುರುತು ಮಾಡಿ. ಗಾಳಿಕಿಂಡಿಗಳನ್ನು ಜೇಡವೋ ಕಣಜವೋ ಮುಚ್ಚಿದ್ದರೆ ತೆರವು ಮಾಡಿ. ಹೊಸ ಕಟ್ಟಡದ ಮಾಡು ಹಳೆಯ ಮಾಡಿಗೆ ಸೇರುವ ಕಣಿವೆಯಲ್ಲಿ ಎಲೆ, ಅಡಿಕೆಯ ಸೋಗೆ ಕಟ್ಟಿಕೊಂಡರೆ ನೀರು ಹಿಂದಕ್ಕೆ ಹರಿದು ಹಂಚಿನ ಕೆಳಗೆ ನುಗ್ಗುತ್ತದೆ, ವಾರಕ್ಕೊಮ್ಮೆ ಅದನ್ನು ಗುಡಿಸಿಸಿ. ಬಾವಿಯ ನೀರನ್ನು ಕೋಲಿಫಾರ್ಮ್ (ಮಲಿನತೆ ತೋರಿಸುವ ಬ್ಯಾಕ್ಟೀರಿಯಾ) ಪರೀಕ್ಷೆಗೆ ಕೊಡಲು ಕೂಡ ಇದೇ ಸರಿಯಾದ ಸಮಯ. ಗುರುತು ಮಾಡಿದ ಟೈಲ್ಸ್‌ಗಳನ್ನು ಆಗಲೇ ಕೀಳಿಸಬೇಡಿ. ನವೆಂಬರ್‌ನಲ್ಲಿ, ಗೋಡೆ ಒಣಗಿದ ಮೇಲೆ ಮತ್ತೊಮ್ಮೆ ತಟ್ಟಿ ನೋಡಿ, ಆಗಲೂ ಟೊಳ್ಳಾಗಿಯೇ ಇರುವವನ್ನು ಮಾತ್ರ ತೆಗೆಸಿ ಹೊಸ ಅಂಟಿನಲ್ಲಿ ಕೂರಿಸಿ.